ಒಂದು ಮೊಳ ತಂತಿ

ನಮ್ಮ ಮನೆಯಲ್ಲಿ ಬಿಸಿ ಊಟ ಉಂಡವರಿಲ್ಲ. ಬಿಸಿಬಿಸಿಯಾಗಿ ಬಡಿಸುವುದರಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ. ಆದರೆ ನಮ್ಮ ಯಜಮಾನರು ಕಣ್ಣು ಮುಚ್ಚಿ, "ಕರ್ತನೇ, ಪಾಪಿಗಳಲ್ಲೆಲ್ಲ ಕಡು ಪಾಪಿ ನಾನು, ನಿನ್ನ ಪಾದದ ಧೂಳು ನಾನು" ಎಂದು ಶುರು ಮಾಡಿ ಆಮೆನ್‌ಗೆ ಬರುವಷ್ಟರಲ್ಲಿ ತಟ್ಟೆಗಳು ತಣ್ಣಗಾಗಿರುತ್ತಿದ್ದವು.

"ಅಣ್ಣ ಪಾಪಿ ಆಗಿದ್ದಕ್ಕೆ ನಾವ್ಯಾಕೆ ತಂಗಳು ತಿನ್ನಬೇಕು ಅತ್ತಿಗೆ?" ಎಂದು ನನ್ನ ಮೈದುನ ಪಿಸುಗುಟ್ಟುತ್ತಿದ್ದ. ನಾನು ನಗು ತಡೆಯಲಾರದೆ ತುಟಿ ಕಚ್ಚಿಕೊಳ್ಳುತ್ತಿದ್ದೆ. ಓಣಿಯ ಜನ ನಮ್ಮ ಯಜಮಾನರಿಗೆ ಧೂಳಪ್ಪ ಎಂದೇ ಹೆಸರಿಟ್ಟಿದ್ದರು. ಅದನ್ನು ಕೇಳಿ ಅವರಿಗೆ ಬೇಸರವಾಗುತ್ತಿರಲಿಲ್ಲ, ಒಳಗೊಳಗೇ ಹಿಗ್ಗು.

ನಾವು ಹೋಗುವ ಪ್ರಾರ್ಥನಾ ಸಭೆಯ ರೂಢಿಯೇ ಹಾಗೆ. ಭಾನುವಾರ ಒಬ್ಬೊಬ್ಬರಾಗಿ ಎದ್ದು ನಿಂತು ತಾನೆಷ್ಟು ಪಾಪಿ ಎಂದು ಹೇಳಬೇಕು. ಯಾವ ಪಾಪ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಇನ್ನು ಯಾರಾದರೂ ನಮ್ಮ ಮೇಲೆ ತಪ್ಪು ಹೊರಿಸಿದರೆ ನಾನು ಮಾಡಲಿಲ್ಲ ಎನ್ನಬಾರದು, ಅದು ಗರ್ವವಂತೆ. ಇಪ್ಪತ್ತು ವರ್ಷ ನಾನೂ ಎಲ್ಲರಂತೆ ಎದ್ದು, ಪಾಪಿ ಎಂದು ಹೇಳಿ, ಹಗುರಾಗಿ ಕೂತವಳೇ. ಅದರಲ್ಲಿ ಎಂಥ ಕೆಡುಕು ಅಡಗಿದೆ ಎಂದು ನನ್ನ ಮನೆಗೇ ಬರುವವರೆಗೆ ನನಗೆ ತಿಳಿಯಲಿಲ್ಲ.

ಯಜಮಾನರು ಒಂದು ದೊಡ್ಡ ಲಾಂಡ್ರಿಯಲ್ಲಿ ಮೇಸ್ತ್ರಿ. ಮೈದುನ ಅಲ್ಲೇ ಇಸ್ತ್ರಿ ಹಾಕುತ್ತಿದ್ದ. ಒಗೆದ ಹಾಸುಬಟ್ಟೆಗಳನ್ನು ಹಿಂಡಲು ಅಲ್ಲೊಂದು ಆಳೆತ್ತರದ ಮಿಷನ್ನಿದೆ. ಗರಗರ ತಿರುಗುವ ಅದರ ಡ್ರಮ್ಮು ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆರೆಯದ ಹಾಗೆ ಒಂದು ಕೊಂಡಿ ಇಟ್ಟಿದ್ದಾರೆ. ಒಂದು ಬೆಳಿಗ್ಗೆ ಯಜಮಾನರು ಇಕ್ಕಳ ಹಿಡಿದು ಹಿತ್ತಲಿಗೆ ಬಂದು, ನಾನು ಬಟ್ಟೆ ಒಣಹಾಕುವ ತಂತಿಯ ಕೊನೆಗೆ ಇಕ್ಕಳ ಇಟ್ಟರು.

"ಯಾಕ್ರೀ, ನನ್ನ ತಂತಿ ಮೇಲೆ ಕಣ್ಣು?"

"ಆ ಹಿಂಡೋ ಮಿಷನ್ನಿಗೆ ಕಣೇ. ನಿಂತ ಮೇಲೇ ತೆಗೀಬೇಕು ಅಂತ ಪ್ರತಿ ಸಲ ಮೂರು ನಿಮಿಷ ದಂಡ. ಕೊಂಡೀನ ಹಿಂದಕ್ಕೆ ಎಳೆದು ಕಟ್ಟಿಬಿಡ್ತೀನಿ."

"ಯಾರಿಗಾದ್ರೂ ಏಟಾದ್ರೆ?"

"ಈಗ ಅದನ್ನ ನಡೆಸ್ತಿರೋನು ನಾನೊಬ್ಬನೇ ತಾನೆ? ದೇವರು ನೋಡ್ಕೋತಾನೆ. ಆ ತುದಿ ಸ್ವಲ್ಪ ಹಿಡ್ಕೋ, ಚಿಮ್ಮುತ್ತೆ."

ಹಿಡಿದುಕೊಂಡೆ. ಅವರು ಒಂದು ಮೊಳ ಕತ್ತರಿಸಿಕೊಂಡು ಹೋದರು.

ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೆಯ ದಿನ ಇಸ್ತ್ರಿ ಕೆಲಸ ಕಡಿಮೆಯಿತ್ತೆಂದು ಯಜಮಾನರು ತಮ್ಮನನ್ನು ಆ ಮಿಷನ್ನಿಗೆ ನಿಲ್ಲಿಸಿದರು. ತಂತಿಯ ಮಾತು ಹೇಳಲು ಮರೆತರು. ಮುಚ್ಚಳ ತೆರೆದುಕೊಂಡಿತಲ್ಲ, ಡ್ರಮ್ಮು ನಿಂತಿದೆ ಎಂದುಕೊಂಡು ಅವನು ಕೈಹಾಕಿದ. ಒಂದು ಹಾಸುಬಟ್ಟೆಯ ಅಂಚು ಮಣಿಕಟ್ಟಿಗೆ ಸುತ್ತಿಕೊಂಡಿತು. ಆಸ್ಪತ್ರೆಯಲ್ಲಿ ಅವನ ಬಲಗೈಯನ್ನು ಮೊಣಕೈವರೆಗೆ ತೆಗೆದರು.

ಮಂಚದ ಪಕ್ಕ ಮಂಡಿಯೂರಿ ಯಜಮಾನರು ಎದೆ ಬಡಿದುಕೊಂಡು ಅತ್ತರು. "ನನ್ನ ಪಾಪದಿಂದಲೇ ಹೀಗಾಯ್ತು! ನಾನು ಕಡು ಪಾಪಿ!" ಎಂದರು. ಮೈದುನ ಉಳಿದ ಕೈಯಿಂದ ಅವರ ತಲೆ ಸವರಿ, "ಅಳಬೇಡ ಅಣ್ಣ, ನೀನೇನು ಮಾಡ್ತೀಯ ಇದಕ್ಕೆ" ಎಂದು ಸಮಾಧಾನ ಮಾಡಿದ. ನಾನು ಗೋಡೆಗೆ ಒರಗಿ ನೋಡುತ್ತಾ ನಿಂತಿದ್ದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಮ್ಮ ಯಜಮಾನರು ಯಾರೂ ಏನೂ ಅನ್ನುವ ಮೊದಲೇ ಮೈಯೆಲ್ಲ ಮುಟ್ಟಿಕೊಳ್ಳುವವರು. ಹಾಗಾಗಿ ಹೆಗಲ ಮೇಲಿನ ಬೂದಿ ಯಾರ ಕಣ್ಣಿಗೂ ಬೀಳಲಿಲ್ಲ.

ಲಾಂಡ್ರಿಯ ಮಾಲೀಕರಿಗೆ ತಂತಿ ಸಿಕ್ಕಿತು. ಅದನ್ನು ಮೈದುನ ಕಟ್ಟಿರದಿದ್ದರೆ ಬಟ್ಟೆಗಳಿಗೆ ಗುರುತು ಹಾಕುವ ಕೆಲಸ, ಒಂದು ಕೈಯಲ್ಲಿ ಆಗುವಂಥದ್ದು, ಅವನಿಗೆ ಕೊಡುತ್ತೇವೆ ಎಂದರು. ಅವನೇ ಕಟ್ಟಿದ್ದರೆ ಗೇಟಿನೊಳಗೆ ಕಾಲಿಡುವ ಹಾಗಿಲ್ಲ. ಅಂದು ಮಿಷನ್ನಿನ ಮುಂದೆ ನಿಂತಿದ್ದವನು ಅವನೇ ಆದ್ದರಿಂದ ಎಲ್ಲರ ಅನುಮಾನವೂ ಅವನ ಮೇಲೇ ಬಿತ್ತು.

ಅಂದು ಸಂಜೆ ಯಜಮಾನರನ್ನು ಕೂರಿಸಿಕೊಂಡು ಕೇಳಿದೆ. "ರೀ, ನಾಳೆ ಹೋಗಿ, ತಂತಿ ಕಟ್ಟಿದ್ದು ನಾನು ಅಂತ ಹೇಳಿಬಿಡಿ. ಅಷ್ಟೇ ಸಾಕು."

"ದಿನಾ ದೇವರ ಮುಂದೆ ನಾನೇ ಕಡು ಪಾಪಿ ಅಂತಿಲ್ವೇನೇ? ಅದರಲ್ಲಿ ಇದೂ ಬಂತು."

"ನಿಮ್ಮ ಲಾಂಡ್ರಿಗೆ ಒಂದು ಮೂಟೆ ಕೊಳೆ ಬಟ್ಟೆ ಅಂತ ಬರೆದು ಕೊಟ್ಟರೆ ತಗೋತೀರಾ? ಯಾರ ಅಂಗಿ, ಎಲ್ಲಿ ಕಲೆ ಅಂತ ಕೇಳಲ್ವಾ?"

"ಒಂದೇ ಒಂದನ್ನ ಎತ್ತಿ ಹೇಳಿದರೆ ಮಿಕ್ಕಿದ್ದರಲ್ಲೆಲ್ಲ ನಾನು ಒಳ್ಳೆಯವನು ಅಂದ ಹಾಗೆ ಆಗುತ್ತೆ. ಅದು ಅಹಂಕಾರ" ಎಂದರು. ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು ನನಗೆ.

ಆಮೇಲೆ ಸಭೆಯ ಹಿರಿಯರು ನಮ್ಮ ಮನೆಗೆ ಬರತೊಡಗಿದರು. ಒಳ್ಳೆಯ ಮನುಷ್ಯ, ಹಣ್ಣು ತರುತ್ತಿದ್ದರು. ಮೈದುನ ಅವರಿಗೆ, "ನಾನು ಕಟ್ಟಲಿಲ್ಲ" ಎಂದ.

"ನಾನು ಮಾಡಲಿಲ್ಲ ಅನ್ನೋದು ಗರ್ವದ ಮಾತು ಮಗನೇ. ನಿಮ್ಮಣ್ಣನ್ನ ನೋಡು. ಮಾಡದೇ ಇರೋ ಪಾಪಾನೂ ತಲೆ ಮೇಲೆ ಹೊತ್ಕೋತಾನೆ. ನೀನು ಒಂದು ತುಂಡು ತಂತಿ ಒಪ್ಕೊಳ್ಳೋಕೆ ಇಷ್ಟು ಬಿಗೀತೀಯಲ್ಲ!"

"ಮಾಡದೇ ಇರೋದನ್ನ ಮಾಡಿದೆ ಅಂದ್ರೆ ಸುಳ್ಳಾಗಲ್ವಾ ಹಿರಿಯರೇ?" ಎಂದೆ ನಾನು.

"ತಗ್ಗೋದು ಎಂದೂ ಸುಳ್ಳಾಗಲ್ಲಮ್ಮಾ."

ಯಜಮಾನರು ಅಲ್ಲೇ ಬಾಗಿಲ ಬಳಿ ಕೂತಿದ್ದರು, ಎಲ್ಲರಿಗಿಂತ ತಗ್ಗಿನ ಜಾಗದಲ್ಲಿ. ತುಟಿ ಪಿಟಕ್ಕೆನ್ನಲಿಲ್ಲ. ನನಗೂ ಅದಕ್ಕಿಂತ ಮುಂದೆ ಬಾಯಿ ಬರಲಿಲ್ಲ. ಗಂಡನ ಮಾನ ಹೋಗುತ್ತದೆ ಎಂದು ಹೆದರಿದೆ. ಆ ಹೆದರಿಕೆಗೆ ನಾನು ಬೇರೆ ಯಾರನ್ನೂ ದೂರಲಾರೆ.

ಹಿರಿಯರು ಮೂರು ವಾರ ಬಂದರು. ಹೆಗಲ ಮೇಲೆ ಕೈಯಿಟ್ಟು ಬೆಣ್ಣೆಯಂಥ ಮಾತಾಡಿದರು. ನಾಲ್ಕನೆಯ ಭಾನುವಾರ ಮೈದುನ, ಖಾಲಿ ತೋಳನ್ನು ಮಡಿಸಿ ಪಿನ್ನು ಹಾಕಿಕೊಂಡು, ಎದ್ದು ನಿಂತ. "ತಂತಿ ನಾನೇ ಕಟ್ಟಿದೆ" ಎಂದ. ಸಭೆಯೆಲ್ಲ ಸ್ತೋತ್ರ ಸ್ತೋತ್ರ ಎಂದಿತು. ಯಜಮಾನರು ಓಡಿ ಹೋಗಿ ಅವನನ್ನು ತಬ್ಬಿಕೊಂಡು ಬಿಕ್ಕಿದರು. ಉಪ್ಪು ತಿಂದವರು ಒಬ್ಬರು, ನೀರು ಕುಡಿದವನು ಇನ್ನೊಬ್ಬ. ಲಾಂಡ್ರಿಯ ಗುಮಾಸ್ತರೂ ನಮ್ಮ ಸಭೆಯವರೇ. ಸೋಮವಾರ ಕಾಗದ ಬಂತು. ಸಹಿ ಹಾಕುವ ಕೈ ಇಲ್ಲವಲ್ಲ, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವನ ಕೆಲಸ ಹೋಯಿತು.

ಮುಂದಿನ ಭಾನುವಾರ ನನ್ನ ಸರದಿ ಬಂದಾಗ ಎದ್ದೆ.

"ನಾನು ಕಡು ಪಾಪಿ ಅಲ್ಲ" ಎಂದೆ. ಎಲ್ಲರೂ ತಿರುಗಿ ನೋಡಿದರು. "ನಾನು ಮಾಡಿದ ಪಾಪ ಯಾವುದು ಅಂತ ಹೇಳ್ತೀನಿ, ಕೇಳಿ. ಆ ತಂತಿ ನಮ್ಮ ಹಿತ್ತಲಿಂದು. ಕತ್ತರಿಸುವಾಗ ಈ ತುದಿ ನಾನು ಹಿಡಿದಿದ್ದೆ. ಯಾಕೆ ಅಂತ ಗೊತ್ತಿತ್ತು. ಮೈದುನನ ಮೇಲೆ ತಪ್ಪು ಬಂದಾಗ ಬಾಯಿ ಮುಚ್ಕೊಂಡಿದ್ದೆ. ಈ ತುದಿ ನಂದು. ಆ ತುದಿ ಹಿಡಿದಿದ್ದವರು ಅವರೇ ಎದ್ದು ಹೇಳಲಿ. ಅವರ ಪಾಪಾನ ನಾನು ಒಪ್ಪಿಸೋಕೆ ಆಗಲ್ಲ."

ಈಗಲಾದರೂ ಹೇಳುತ್ತಾರೆ ಎಂದುಕೊಂಡೆ. ಯಜಮಾನರು ಎದ್ದರು, ನಡುವಿಗೆ ಬಂದರು, ದೊಪ್ಪನೆ ನೆಲಕ್ಕೆ ಬಿದ್ದರು.

"ಎಲ್ಲಾ ನನ್ನ ಪಾಪ! ಇವಳನ್ನ ಕ್ಷಮಿಸಿ, ಇವಳದೂ ನನ್ನ ತಲೆ ಮೇಲೇ ಇರಲಿ! ನಾನು ಧೂಳು, ನಾನು ಧೂಳು!"

"ಯಾವ ಪಾಪ ಅಂತ ಹೇಳ್ರೀ!" ನಾನು ಕೂಗಿದೆ. "ತಂತಿ ಅನ್ನಿ, ಸಾಕು!"

ಹಿರಿಯರು ಹಾಡು ಎತ್ತಿಕೊಂಡರು. ಎಲ್ಲರೂ ಅತ್ತು, ಹಾಡಿ, ಅವರನ್ನು ಎಬ್ಬಿಸಿ ಧೂಳು ಕೊಡವಿದರು. ಪಕ್ಕದಲ್ಲಿದ್ದ ದರ್ಜಿಯ ಹೆಂಡತಿ ನನ್ನ ಮೊಣಕೈ ತಿವಿದು, "ಇಂಥ ದೀನ ಗಂಡ ಸಿಗೋಕೆ ಪಡ್ಕೊಂಡು ಬಂದಿರಬೇಕು, ಸುಮ್ನೆ ಕೂತ್ಕೊಳ್ಳಿ" ಎಂದಳು.

ಮಾಲೀಕರ ಹತ್ತಿರವೂ ಹೋಗಿ, ತಂತಿ ಮೈದುನ ಕಟ್ಟಿದ್ದಲ್ಲ ಎಂದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. "ನಿಮ್ಮ ಯಜಮಾನರನ್ನೇ ಕರೆದು ಕೇಳಿದೆನಮ್ಮ. ಲೋಕದ ಎಲ್ಲಾ ಪಾಪಕ್ಕೂ ನಾನೇ ಕಾರಣ ಸ್ವಾಮಿ ಅಂದರು. ಅದನ್ನೇನು ಬರ್ಕೊಳ್ಳಲಿ ನಾನು? ನಿಮ್ಮ ಮೈದುನ ಹೆಬ್ಬೆಟ್ಟು ಒತ್ತಿದ್ದಾನೆ, ಮುಗೀತು" ಎಂದರು.

ಈಗ ನನ್ನ ತಂತಿ ಗಿಡ್ಡವಾಗಿದೆ. ಹಾಸುಬಟ್ಟೆಗಳನ್ನು ಒತ್ತಿ ಒತ್ತಿ ಹಾಕಬೇಕು. ಮೊನ್ನೆ ಮೈದುನ ಎಡಗೈಯಲ್ಲಿ ಕ್ಲಿಪ್ಪು ಕೊಡುತ್ತಾ ಕೇಳಿದ.

"ಅತ್ತಿಗೆ, ನಿಜ ಹೇಳಿ. ತಂತಿ ಕಟ್ಟಿದ್ದು ನಾನೇನಾ?"

"ಅಂದು ಸಭೇಲಿ ನಾನು ಹೇಳಿದ್ದು ಕೇಳಲಿಲ್ವೇನೋ?"

"ನನ್ನ ಉಳಿಸೋಕೆ ಹಾಗಂದ್ರಿ ಅಂತಾರೆ ಹಿರಿಯರು. ಮೊದಲು ನಾನಲ್ಲ ಅಂತ ಖಾತ್ರಿ ಇತ್ತು. ಈಗ ಕಣ್ಣು ಮುಚ್ಚಿದರೆ ಕಟ್ಟೋದು ಕಾಣುತ್ತೆ. ನನ್ನ ಎರಡೂ ಕೈ ಕಾಣುತ್ತೆ."

ಕೈಯನ್ನು ಮಿಷನ್ನು ತಿಂದಿತ್ತು. ಅವನಿಗೆ ತನ್ನ ಮೇಲಿದ್ದ ನಂಬಿಕೆಯನ್ನು ತಿಂದವರು ನಾವು. ಅವನ ಎಡಗೈ ಹಿಡಿದು ತಂತಿಯ ಕತ್ತರಿಸಿದ ತುದಿಯನ್ನು ಮುಟ್ಟಿಸಿದೆ. "ಇದು ನೀನು ಕಂಡಿರೋದಾ? ಇಲ್ಲಿಗೆ ಯಾವತ್ತಾದ್ರೂ ಇಕ್ಕಳ ಹಿಡ್ಕೊಂಡು ಬಂದಿದ್ಯಾ?" ಎಂದೆ. ಬಹಳ ಹೊತ್ತು ಮುಟ್ಟಿ ನೋಡಿದ. "ಇಲ್ಲ" ಎಂದ.

ಅಂದಿನಿಂದ ಪ್ರತಿ ಊಟದ ಹೊತ್ತಿಗೂ ನಾನೊಂದು ಕೆಲಸ ಮಾಡುತ್ತಿದ್ದೇನೆ. ಪಾಪಿಗಳಲ್ಲೆಲ್ಲ ಕಡು ಪಾಪಿ ನಾನು ಎಂದು ಯಜಮಾನರು ಶುರು ಮಾಡಿದ ಕೂಡಲೇ, "ಯಾವ ಪಾಪ?" ಎನ್ನುತ್ತೇನೆ. ಓದುವವರೇ, ನಿಮ್ಮ ಮನೆಯಲ್ಲೂ ಇಂಥ ದೀನರಿದ್ದರೆ ಕೇಳಿ ನೋಡಿ. ಉತ್ತರ ಬರುತ್ತದೆಂದು ನಾನು ಭರವಸೆ ಕೊಡಲಾರೆ. ನನಗಂತೂ ಬಂದಿಲ್ಲ, ಅವರು ಕಿವಿ ಕೇಳದವರಂತೆ ಮುಂದುವರಿಯುತ್ತಾರೆ.

ನಿನ್ನೆ ನಾನು ಬಾಯಿ ತೆರೆಯುವ ಮೊದಲೇ ಮೈದುನ ಕೇಳಿದ.

"ಯಾವ ಪಾಪ ಅಣ್ಣ?"

ಯಜಮಾನರು ಕಣ್ಣು ತೆರೆದರು. ತಮ್ಮನ ಮುಖ ನೋಡಿದರು, ಪಿನ್ನು ಹಾಕಿದ ತೋಳನ್ನು ನೋಡಿದರು. ಅವರ ತುಟಿ ಅಲುಗಿತು. ನಾವಿಬ್ಬರೂ ಕಾದೆವು. ಆಮೇಲೆ ಅವರು ಮತ್ತೆ ಕಣ್ಣು ಮುಚ್ಚಿಕೊಂಡು, "ಕರ್ತನೇ, ಪಾಪಿಗಳಲ್ಲೆಲ್ಲ..." ಎಂದು ಮೊದಲಿನಿಂದ ಶುರು ಮಾಡಿದರು.

ನಾವು ತಟ್ಟೆ ಎಳೆದುಕೊಂಡು ಉಂಡೆವು. ಊಟ ಇನ್ನೂ ಬಿಸಿಯಾಗಿತ್ತು.