ಯಾಕಮ್ಮನ ಪ್ರಶ್ನೆಗೆ ಐದು ದಿನದ ತರಬೇತಿ

ಒಂಬತ್ತನೇ ತರಗತಿಯ ಆ ಹುಡುಗಿಗೆ ಯಾಕಮ್ಮ ಅಂತ ಅಡ್ಡಹೆಸರಿಟ್ಟವಳು ನಾನೇ. ಏನು ಹೇಳಿಕೊಟ್ಟರೂ ಅವಳು ಕೇಳುವುದು ಒಂದೇ ಮಾತು. ಅವತ್ತು ಬೋರ್ಡಿನ ಮೇಲೆ ಮೈನಸ್ ಇಂಟು ಮೈನಸ್ ಪ್ಲಸ್ ಎಂದು ಬರೆದು ಕೈ ಕೊಡವಿಕೊಳ್ಳುವಷ್ಟರಲ್ಲಿ ಎದ್ದು ನಿಂತಳು.

"ಯಾಕೆ ಟೀಚರ್?"

"ಅದು ನಿಯಮ ಕಣಮ್ಮ."

"ಸುಮ್ನೆ ನಂಬ್ಕೋಬೇಕು ಅಂದ್ರೆ ಪಿಯುಸೀಲಿ ನಾನು ಗಣಿತ ತಗೊಳ್ಳಲ್ಲ."

ಹತ್ತೊಂಬತ್ತು ವರ್ಷದಿಂದ ಈ ನಿಯಮ ಕಲಿಸುತ್ತಿದ್ದೇನೆ. ಯಾಕೆಂದು ನನಗೂ ಗೊತ್ತಿರಲಿಲ್ಲ, ಹಾಗಂತ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಇಡೀ ತರಗತಿಯಲ್ಲಿ ಲೆಕ್ಕವನ್ನು ಪ್ರೀತಿಯಿಂದ ಮಾಡುವವಳು ಅವಳೊಬ್ಬಳೇ. ಅವಳೇ ಗಣಿತ ಬಿಟ್ಟರೆ ನಾನು ಪಾಠ ಮಾಡಿ ಏನು ಬಂತು? ಪುಣ್ಯಕ್ಕೆ ಮರುದಿನದಿಂದಲೇ ಗಣಿತ ಶಿಕ್ಷಕರಿಗೆ ಐದು ದಿನದ ತರಬೇತಿ ಇತ್ತು. ತಿಳಿದವರನ್ನು ಕೇಳಿಕೊಂಡು ಬರುತ್ತೇನೆಂದು ಮಾತು ಕೊಟ್ಟು ಹೋದೆ.

ತರಬೇತಿ ಕೊಡುವವರಿಗೆ ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ. ನಮ್ಮ ಸಂಪನ್ಮೂಲರು ಮೊದಲ ದಿನವಿಡೀ ಚೆಂಡು ಎಸೆದಾಡಿಸಿ ಪರಿಚಯ ಮಾಡಿಸಿದರು. ಪಕ್ಕದ ಶಾಲೆಯ ಮೇಷ್ಟ್ರೂ ನಾನೂ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದವರು, ಮತ್ತೊಮ್ಮೆ ಪರಿಚಯವಾದೆವು. ಎರಡನೇ ದಿನ ಕಾಗದದ ತ್ರಿಕೋನದ ಮೂರು ಮೂಲೆ ಹರಿದು ಜೋಡಿಸಿ, ಮೂರೂ ಕೋನ ಸೇರಿದರೆ ನೇರ ಗೆರೆ ಎಂದು ತೋರಿಸುವ ಚಟುವಟಿಕೆ. ತ್ರಿಕೋನಗಳು ಹಾಳಾಗದಿರಲೆಂದು ಶಿಕ್ಷಣ ಇಲಾಖೆಯ ಕಚೇರಿಯವರು ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿದ್ದರು. ಮೇಷ್ಟ್ರು ಹಲ್ಲಿನಲ್ಲಿ ಕಚ್ಚಿ ಎಳೆದರೂ ಹರಿಯಲಿಲ್ಲ.

"ಹರಿದಿದ್ದೀವಿ ಅಂತ ಅಂದ್ಕೊಳ್ಳಿ," ಎಂದರು ಸಂಪನ್ಮೂಲರು.

ಅಂದುಕೊಂಡೆವು. ಫೋಟೋ ತೆಗೆದರು.

ಮೂರನೇ ದಿನ ಧೈರ್ಯ ಮಾಡಿ ಯಾಕಮ್ಮನ ಪ್ರಶ್ನೆ ಕೇಳಿದೆ.

"ಅದ್ಭುತವಾದ ಪ್ರಶ್ನೆ ಮೇಡಂ! ಹಳದಿ ಚೀಟೀಲಿ ಬರೆದು ಗೋಡೆಗೆ ಅಂಟಿಸಿ. ಕೊನೇ ದಿನ ನೋಡೋಣ."

ಕೊನೆಯ ದಿನ ಚೀಟಿಗಳನ್ನು ನೋಡಿದ್ದು ನಿಜ. ಎಣಿಸಿದರು, ನಲವತ್ತಮೂರು ಇದ್ದವು. "ಎಂಥಾ ಸ್ಪಂದನೆ!" ಎಂದು ಚಪ್ಪಾಳೆ ತಟ್ಟಿಸಿ, ಗೋಡೆಯ ಬಣ್ಣ ಕಿತ್ತುಬರದಂತೆ ಜೋಪಾನವಾಗಿ ಬಿಡಿಸಿ ಕವರಿಗೆ ತುಂಬಿದರು. ಬಾಗಿಲಿಗೆ ಅಡ್ಡ ನಿಂತು ಉತ್ತರ ಕೇಳಿದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಅದು ನಿಯಮ ಅಲ್ವಾ ಮೇಡಂ?"

ಮರುದಿನ ತರಗತಿಗೆ ಹೋದೆ. ಯಾಕಮ್ಮ ಮೊದಲ ಬೆಂಚಿನಲ್ಲೇ ಕಾದಿದ್ದಳು.

"ನನಗೂ ಗೊತ್ತಿಲ್ಲ ಕಣಮ್ಮ, ಅವರಿಗೂ ಗೊತ್ತಿಲ್ಲ," ಎಂದೆ.

ಅವಳು ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ಮೈನಸ್ ಎರಡನ್ನು ಮೂರರಿಂದ ಗುಣಿಸಿದಳು, ಮೈನಸ್ ಆರು. ಎರಡರಿಂದ, ಮೈನಸ್ ನಾಲ್ಕು. ಒಂದರಿಂದ, ಮೈನಸ್ ಎರಡು. ಸೊನ್ನೆಯಿಂದ, ಸೊನ್ನೆ.

"ಒಂದೊಂದು ಸಾಲಿಗೂ ಎರಡೆರಡು ಏರ್ತಾ ಇದೆ ಟೀಚರ್. ಮುಂದಿನ ಸಾಲು ಮೈನಸ್ ಒಂದರದ್ದು. ಅದೂ ಏರ್ಬೇಕು ತಾನೆ? ಪ್ಲಸ್ ಎರಡು ಅಲ್ದೆ ಇನ್ನೇನು ಬರುತ್ತೆ?"

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ನನ್ನ ಕಥೆ. ಸಂತೋಷಕ್ಕೆ ಕಣ್ಣು ತುಂಬಿ ಬಂತು.

"ಗಣಿತ ಬಿಡಲ್ಲ ತಾನೆ?"

"ಬಿಡಲ್ಲ ಟೀಚರ್."

"ಇದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ನೀವು ಐದು ದಿನ ಬರ್ಲಿಲ್ವಲ್ಲ, ಯೋಚನೆ ಮಾಡೋಕೆ ಟೈಮ್ ಸಿಕ್ತು."

ಸಂಜೆ ಕಚೇರಿಯಿಂದ ಒಂದು ನಮೂನೆ ಬಂತು. ತರಬೇತಿಯಿಂದ ಮಕ್ಕಳ ಕಲಿಕೆಗೆ ಆದ ಪ್ರಯೋಜನವೇನು ಎಂಬುದು ಪ್ರಶ್ನೆ. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. "ಬಹಳ ಪ್ರಯೋಜನವಾಗಿದೆ. ಐದು ದಿನ ನಾನು ತರಗತಿಯಲ್ಲಿ ಇರಲಿಲ್ಲ," ಎಂದು ಬರೆದು ಸಹಿ ಹಾಕಿದೆ.