ಸಡಿಲ ಸ್ಪ್ರಿಂಗು

ಹಲ್ಲಿನ ಡಾಕ್ಟರು ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಚಾಕು ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿ ಕಿವಿಯ ಹತ್ತಿರ ತಂದು ಮಡಚಿದರು. ಅವರ ಮುಖ ಸಪ್ಪಗಾಯಿತು.

"ಸದ್ದೇ ಇಲ್ವಲ್ಲಮ್ಮ," ಎಂದರು ಚಾಕು ಮಾಡಿದವನ ಮಗಳಿಗೆ. "ನಿಮ್ಮಪ್ಪ ಮಾಡಿದ ಚಾಕು ಮಡಚಿದ್ರೆ ಟಕ್ ಅಂತ ಪಕ್ಕದ ಮನೆಗೆ ಕೇಳಿಸಬೇಕು. ಇದೇನಿದು?"

ಮಗಳು ಬಾಗಿಲಿನತ್ತ ನೋಡಿದಳು. ಆಚೆ ಕೋಣೆಯಲ್ಲಿ ಅಪ್ಪ ಶವಪೆಟ್ಟಿಗೆಯೊಳಗೆ ಮಲಗಿದ್ದ. ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ನಿನ್ನೆಯಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಮಗಳಿಗೆ ಅದೇ ಭಯವಾಗಿತ್ತು. ಇಷ್ಟು ವರ್ಷ ಸಂಸಾರ ಮಾಡಿದ ಗಂಡನನ್ನು ಒಂದು ಒಳ್ಳೆಯ ಮಾತಿಲ್ಲದೆ ಕಳಿಸಿಬಿಡುತ್ತಾಳೇನೋ ಎಂದು.

ಡಾಕ್ಟರು ಸಾವಿನ ಮನೆಗೆ ಬಂದು ಕೈಮುಗಿದು ಸುಮ್ಮನೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಹೋಗುವ ಮುಂಚೆ ಮೆಲ್ಲಗೆ, "ನನ್ನದೊಂದು ಚಾಕು ಹೇಳಿದ್ದೆ, ಮುಗಿದಿತ್ತಾ?" ಎಂದು ಕೇಳಿದ್ದರು. ಮಗಳು ಅಪ್ಪನ ವರ್ಕ್‌ಶಾಪಿನ ಡ್ರಾಯರ್ ಎಳೆದು ನೋಡಿದಳು. ಮುಗಿದ ಚಾಕು ಒಂದೇ ಇತ್ತು, ಹಳೇ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಜೊತೆಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪೊಂದು. ಇದೇ ಇರಬೇಕು ಎಂದುಕೊಂಡು ಎರಡನ್ನೂ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು.

"ಕೊಡಿ ಇಲ್ಲಿ," ಎಂದು ರಿಟೈರ್ ಆದ ಬಸ್ ಡ್ರೈವರು ಕೈಚಾಚಿದರು. ಅಪ್ಪನ ಕೈಯ ಚಾಕುಗಳೆಂದರೆ ಪ್ರಾಣ ಬಿಡುವ ಗುಂಪೊಂದಿದೆ. ಅದರಲ್ಲಿ ಇವರಿಬ್ಬರೂ ಹಳೇ ತಲೆಗಳು, ಒಂದು ದಿನವೂ ಒಂದು ಮಾತಿಗೆ ಒಪ್ಪಿದವರಲ್ಲ. ಡ್ರೈವರು ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಹಿಡಿಗೂ ಸ್ಪ್ರಿಂಗಿಗೂ ನಡುವೆ ಒಂದು ಕೂದಲು ನುಗ್ಗೋ ಸಂದಿ ಇದ್ರೆ ತೋರಿಸಿ ನೋಡೋಣ."

"ಸಂದಿ ಯಾರು ಕೇಳಿದ್ರು? ಇದಕ್ಕೆ ಲಾಕ್ ಇಲ್ಲ. ಅಲಗನ್ನ ಹಿಡಿದು ನಿಲ್ಲಿಸೋದು ಬೆನ್ನಿನ ಸ್ಪ್ರಿಂಗ್ ಒಂದೇ. ಅದೇ ಸಡಿಲ ಆದ್ರೆ ಇನ್ನೇನುಳೀತು? ಗೀರು ನೋಡಿ, ಅಲಗಿನ ಅರ್ಧದವರೆಗೂ ಎಳೆದಿದ್ದಾರೆ. ಹಿಡಿ ಬೇರೆ ದಪ್ಪ. ನಾನು ಹೇಳಿದ್ದು ಇದಲ್ಲವೇ ಅಲ್ಲ."

"ಲಾಕ್ ಬೇಕಿದ್ರೆ ಬೀರು ತಗೊಳ್ಳಿ ಡಾಕ್ಟ್ರೇ."

"ತಮಾಷೆ ಬೇಡ. ನಾನು ಒಪ್ಪಿದ್ದ ಬೆಲೆಗೆ ಮನೆಗೊಂದು ಫ್ರಿಜ್ ಬರ್ತಿತ್ತು. ಇದಕ್ಕೆ ಅದರ ಅರ್ಧ ಕೊಟ್ರೂ ಜಾಸ್ತಿನೇ."

"ಬಿಡಿ ಹಾಗಾದ್ರೆ. ಪೂರ್ತಿ ಕೊಟ್ಟು ನಾನು ತಗೋತೀನಿ. ಇನ್ನು ಮೇಲೆ ಮಾಡೋರು ಯಾರಿದ್ದಾರೆ?"

"ಅದೇ ಆಯ್ತಲ್ಲ, ಸತ್ತರು ಅಂತ ಬೆಲೆ. ನಿಮಗೆ ಬೇಕಿರೋದು ಚಾಕು ಅಲ್ಲ, ನೆನಪಿಗೊಂದು ಸಾಮಾನು."

ಡ್ರೈವರು ಒಂದು ಹೆಜ್ಜೆ ಮುಂದೆ ಬಂದರು. "ನಾಲಿಗೆ ಬಿಗಿಹಿಡಿದು ಮಾತಾಡಿ. ಆಚೆ ಹೆಣ ಇದೆ."

"ಸ್ವಲ್ಪ ಮೆಲ್ಲಗೆ..." ಎಂದಳು ಮಗಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಡಾಕ್ಟರು ಚಾಕುವನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಮೇಜಿನ ಮೇಲಿಟ್ಟು ಫೋನ್ ಹೊರತೆಗೆದರು. "ಗುಂಪಿನವರು ಬೆಳಗ್ಗೆಯಿಂದ ಕೇಳ್ತಿದ್ದಾರೆ, ಕೊನೇ ಚಾಕು ಹೇಗಿದೆ ಅಂತ. ಫೋಟೋ ಹಾಕಿ ಇದ್ದದ್ದು ಇದ್ದ ಹಾಗೆ ಬರೀತೀನಿ. ಕೊನೇ ಕಾಲಕ್ಕೆ ಕೈ ಸೋತಿತ್ತು ಅಂತ."

ಅಪ್ಪ ಜೀವಮಾನವಿಡೀ ಗಳಿಸಿದ್ದು ಒಳ್ಳೆ ಕೆಲಸಗಾರನೆಂಬ ಹೆಸರೊಂದೇ. ಈ ಮನುಷ್ಯ ಒಂದು ಸಾಲು ಬರೆದರೆ, ಪೆಟ್ಟಿಗೆ ಮನೆ ದಾಟುವ ಮೊದಲೇ ಅದೂ ಹೋಗುತ್ತಿತ್ತು. ಮಾಡಿದ್ದು ಸರಿಯಿದೆ ಎಂದು ವಾದಿಸೋಣವೆಂದರೆ, ಸ್ಪ್ರಿಂಗು ಸಡಿಲವಾಗಿದ್ದದ್ದು ಮಗಳಿಗೂ ಗೊತ್ತಾಗಿತ್ತು.

* * *

ಹಿಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ತವರಿಗೆ ಬಂದಾಗ, ಹಿತ್ತಲಲ್ಲಿ ಅಮ್ಮ ಒದ್ದೆ ಬಟ್ಟೆಯ ಬುಟ್ಟಿಯ ಮುಂದೆ ನಿಂತು ಕೂಗಾಡುತ್ತಿದ್ದಳು. ಬೆರಳುಗಳ ಗೆಣ್ಣು ಊದಿ ಸೊಟ್ಟಗಾಗಿ, ಕ್ಲಿಪ್ಪು ಒತ್ತುವುದಕ್ಕೂ ಆಗದಂತಾಗಿತ್ತು. "ಊರಿಗೆಲ್ಲ ಚಾಕು ಮಾಡ್ಕೊಡ್ತೀರಿ, ನಾನು ಒಂದು ಹಾಲಿನ ಪ್ಯಾಕೆಟ್ ಕತ್ತರಿಸೋಕೆ ಪಕ್ಕದ ಮನೆ ಬಾಗಿಲು ತಟ್ಟಬೇಕು. ನಿಮ್ಮ ಒಂದು ಚಾಕು ಆದ್ರೂ ನನ್ನ ಕೈಲಿ ಬಿಚ್ಚೋಕೆ ಬರುತ್ತಾ?"

ಕೆಲಸ ಮುಗಿಯುವವರೆಗೆ ಅದರ ಬಗ್ಗೆ ಬಾಯಿ ಬಿಡುವ ಆಸಾಮಿಯೇ ಅಲ್ಲ ಅಪ್ಪ. ಬುಟ್ಟಿಯಿಂದ ಒಂದೊಂದೇ ಕ್ಲಿಪ್ಪು ತೆಗೆದು ಅಮ್ಮನ ಕೈಗೆ ಕೊಡತೊಡಗಿದ. "ಇದನ್ನ ಒತ್ತು. ಆಗಲ್ವಾ? ಇದು? ಇದು?"

"ಆಟ ಆಡಿಸ್ತಿದ್ದೀರಾ ನನ್ನ?"

ಹಳೆಯದೊಂದು ಕ್ಲಿಪ್ಪು ಮಾತ್ರ ಅವಳ ಬೆರಳಿಗೆ ಬಾಯಿ ತೆರೆಯಿತು. ಅಮ್ಮ ಅದನ್ನೇ ಅವನ ಎದೆಗೆ ಎಸೆದು ಒಳಗೆ ಹೋದಳು. ಅಪ್ಪ ಬಗ್ಗಿ ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಈ ವಯಸ್ಸಲ್ಲೂ ಇವರ ಜಗಳ ಮುಗಿಯುವುದಿಲ್ಲವಲ್ಲ ಎಂದು ಮಗಳು ಬೇಜಾರು ಮಾಡಿಕೊಂಡು ಹೊರಟುಹೋಗಿದ್ದಳು.

* * *

"ಇವತ್ತೂ ಚಾಕು ಪುರಾಣನೇನಾ?"

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಡಾಕ್ಟರ ಫೋನು ಅರ್ಧಕ್ಕೆ ನಿಂತಿತು. ಅಮ್ಮನ ತೋಳಿನಲ್ಲಿ ಬಿಳಿ ಹೂವಿನ ಕಟ್ಟೊಂದಿತ್ತು. ಅಂಗಡಿಯವನು ಪ್ಲಾಸ್ಟಿಕ್ ದಾರದಲ್ಲಿ ಅದನ್ನು ಉಸಿರುಗಟ್ಟುವ ಹಾಗೆ ಬಿಗಿದಿದ್ದ.

"ಇದನ್ನ ಯಾರಾದ್ರೂ ಬಿಚ್ಚಿಕೊಡಿ. ಗಾಡಿ ಬರೋ ಹೊತ್ತಾಯ್ತು. ನನ್ನ ಕೈಲಾಗಲ್ಲ ಅಂತ ಗೊತ್ತಲ್ಲ ಎಲ್ಲರಿಗೂ," ಎಂದವಳು ಮೇಜಿನ ಮೇಲೆ ನೋಡಿದಳು. "ನನ್ನ ಕ್ಲಿಪ್ಪು ಇಲ್ಲಿ ಹೇಗೆ ಬಂತು?"

"ಚಾಕು ಜೊತೆ ಸುತ್ತಿಟ್ಟಿದ್ರಮ್ಮ," ಎಂದರು ಡ್ರೈವರು. "ಯಾಕೋ ನಮಗೂ ಗೊತ್ತಾಗಲಿಲ್ಲ."

ಅಮ್ಮ ಕ್ಲಿಪ್ಪನ್ನು ಎತ್ತಿ ಒತ್ತಿದಳು. ಅದು ಬಾಯಿ ತೆರೆಯಿತು.

ಮಗಳು ಕ್ಲಿಪ್ಪನ್ನು ನೋಡಿದಳು, ಚಾಕುವನ್ನು ನೋಡಿದಳು. ಮೇಜಿನಿಂದ ಚಾಕು ತೆಗೆದು ಅಮ್ಮನ ಮುಂದೆ ಹಿಡಿದಳು. "ಅಮ್ಮಾ, ಇದನ್ನ ಬಿಚ್ಚು."

"ಹುಚ್ಚು ಹಿಡಿದಿದೆಯೇನೇ ನಿನಗೆ?"

"ಒಂದು ಸಲ. ನನಗೋಸ್ಕರ."

ಅಮ್ಮ ಹೂವಿನ ಕಟ್ಟನ್ನು ಮೇಜಿನ ಮೇಲಿಟ್ಟು ಚಾಕು ತೆಗೆದುಕೊಂಡಳು. ದಪ್ಪ ಹಿಡಿ ಅವಳ ಮುಚ್ಚಲಾರದ ಮುಷ್ಟಿಯಲ್ಲಿ ಸರಿಯಾಗಿ ಕೂತಿತು. ಉಗುರು ಊರಲು ಅವಳಿಗಾಗುತ್ತಿರಲಿಲ್ಲ. ಇನ್ನೊಂದು ಕೈಯ ಸೊಟ್ಟ ಹೆಬ್ಬೆರಳ ಪಕ್ಕವನ್ನು ಉದ್ದ ಗೀರಿನ ಮೇಲಿಟ್ಟು ತಳ್ಳಿದಳು. ಅಲಗು ಮೇಲೆದ್ದಿತು. ಅರ್ಧಕ್ಕೆ ಬಂದಾಗ ಒಮ್ಮೆ ತಡೆದು ಮತ್ತೆ ತಳ್ಳಿದಳು. ಅಲಗು ಪೂರ್ತಿ ತೆರೆದು ನಿಂತಿತು.

"ಈ ಕ್ಲಿಪ್ಪಿನ ಬಿಗಿಗೆ ಸ್ಪ್ರಿಂಗ್ ಹದ ಮಾಡಿದ್ದಾನೆ ಅಪ್ಪ," ಎಂದಳು ಮಗಳು. "ಇದು ನಿಮ್ಮದಲ್ಲ ಡಾಕ್ಟ್ರೇ. ತಪ್ಪಾಗಿ ಕೊಟ್ಟುಬಿಟ್ಟೆ."

ಡಾಕ್ಟರು ಫೋನನ್ನು ಜೇಬಿಗೆ ಹಾಕಿದರು. ಆಮೇಲೆ, "ಒಂದು ಸ್ಪ್ರಿಂಗನ್ನ ಇಷ್ಟು ಸಡಿಲ ಮಾಡಿ, ಆದ್ರೂ ಅಲಗು ಅಲ್ಲಾಡದ ಹಾಗೆ ನಿಲ್ಲಿಸೋದು..." ಎಂದು ಶುರುಮಾಡಿದರು.

"ಈಗಲಾದ್ರೂ ಸುಮ್ನಿರಿ ಮಾರಾಯ್ರೇ," ಎಂದರು ಡ್ರೈವರು. ಅವರ ಕಣ್ಣು ತುಂಬಿತ್ತು.

ಅಮ್ಮ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ತೆರೆದ ಚಾಕು ಹಿಡಿದು ಆಚೆ ಕೋಣೆಗೆ ನಡೆದಳು. ಕೂತಿದ್ದವರು ಬೆಚ್ಚಿ ದಾರಿ ಬಿಟ್ಟರು. ಪೆಟ್ಟಿಗೆಯ ಮೇಲೆ ಬಗ್ಗಿ ದಾರಕ್ಕೆ ಅಲಗು ತಾಗಿಸಿದಳು. ಒಂದೇ ಎಳೆತಕ್ಕೆ ದಾರ ತುಂಡಾಗಿ ಹೂವು ಗಂಡನ ಎದೆಯ ಮೇಲೆ ಚೆಲ್ಲಿತು.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಅವಳ ದನಿ ಒಡೆಯಿತು. "ನಾನು ಎಷ್ಟು ಬೈದೆ... ಒಂದು ಮಾತು ಹೇಳೋಕೆ ಏನಾಗಿತ್ತು?"

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಮಗಳು ಹಿಂದಿನಿಂದ ಅಮ್ಮನ ಭುಜ ಹಿಡಿದಳು. ಅಮ್ಮ ಸೊಂಟ ಬಗ್ಗಿಸಿಯೇ ನಿಂತಿದ್ದಳು. ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅವಳು ಚಾಕುವನ್ನು ಗಂಡನ ಕಿವಿಯ ಹತ್ತಿರ ತಂದು, ಮೆಲ್ಲಗೆ ಮಡಚಿದಳು.