ಮೊದಲ ಹೂಂ

ನನಗೆ ಮೂಗಿನ ತುದಿಯಲ್ಲೇ ಕೋಪ. ಅರವತ್ತೇಳನೇ ಇಸವಿಯ ಆ ಶನಿವಾರವಂತೂ ಕೇಳಲೇಬೇಡಿ. ಮರುದಿನ ತಣಿಸಂದ್ರದ ಗಂಡಿನ ಕಡೆಯವರು ನನ್ನ ವೀಳ್ಯಶಾಸ್ತ್ರಕ್ಕೆ ಬರುವವರಿದ್ದರು. ವೀಳ್ಯ ಬದಲಾಯಿಸಿಕೊಂಡರೆ ಯಶವಂತಪುರದ ಕಾರ್ಖಾನೆಯ ಕಂಪ್ಯೂಟರ್ ಕೋಣೆಯ ಕೆಲಸಕ್ಕೆ ನಾನು ಕೈಮುಗಿದು ಬರಬೇಕು. ಅವರ ಷರತ್ತು ಅದು, ಮನೆಯಲ್ಲಿ ಎಲ್ಲರೂ ಒಪ್ಪಿಯಾಗಿತ್ತು. ಅದರ ಮೇಲೆ ಆ ಯಂತ್ರವೂ ನನ್ನ ಹೊಟ್ಟೆ ಉರಿಸುತ್ತಿತ್ತು.

ಹತ್ತು ಮಿಲಿಮೀಟರಿಗಿಂತ ದಪ್ಪ, ಹನ್ನೆರಡಕ್ಕಿಂತ ಸಣ್ಣ ಇರುವ ಕಬ್ಬಿಣದ ಪಿನ್ನುಗಳನ್ನಷ್ಟೇ ಆರಿಸು ಎಂದು ಕಂಪ್ಯೂಟರಿಗೆ ತೂತು ಕೊರೆದ ಕಾರ್ಡಿನಲ್ಲಿ ಕೊಟ್ಟಿದ್ದೆ. ಲೆಕ್ಕದ ಮೇಷ್ಟ್ರು ಬರೆಸಿದ ಹಾಗೆಯೇ, ಒಂದೇ ಸಾಲಿನಲ್ಲಿ: 10 < ದಪ್ಪ < 12. ಅದೋ, ಎಲ್ಲ ಪಿನ್ನಿಗೂ ಹೂಂಗುಟ್ಟುತ್ತಿತ್ತು. ಬೇಕೆಂದೇ ಮೂವತ್ತು ಕೊಟ್ಟೆ. ಪಾಸು. ಮೂರು ಕೊಟ್ಟೆ. ಅದೂ ಪಾಸು! ಯಂತ್ರ ಕೆಟ್ಟಿದೆ ಎಂದು ನಮ್ಮ ಮೇಲಿನವರಾದ ವೆಂಕಟರಾಮಯ್ಯನವರು ಊಟಕ್ಕೆ ಎದ್ದುಹೋದರು. ನನಗೆ ಬಿಡಲು ಮನಸ್ಸಾಗಲಿಲ್ಲ.

ಸಾಲನ್ನು ತುಂಡು ಮಾಡಿ ಕೇಳಿದೆ. ಹತ್ತಕ್ಕಿಂತ ಮೂವತ್ತು ದೊಡ್ಡದೇ? ಹೌದು ಎನ್ನಲು ಅದು 1 ಎಂದು ಅಚ್ಚು ಹಾಕಿತು. ಮೂರು ದೊಡ್ಡದೇ? ಇಲ್ಲ ಎನ್ನಲು 0. ಆಗ ಹೊಳೆಯಿತು ನೋಡಿ. ಮೊದಲ ಉತ್ತರ ಸಿಕ್ಕ ಕೂಡಲೇ ಇದು ಪಿನ್ನನ್ನೇ ಮರೆತುಬಿಡುತ್ತದೆ. ಆಮೇಲೆ ಹನ್ನೆರಡರ ಪಕ್ಕ ಇಟ್ಟು ನೋಡುವುದು ಆ ಒಂದನ್ನೋ ಸೊನ್ನೆಯನ್ನೋ. ಎರಡೂ ಹನ್ನೆರಡಕ್ಕಿಂತ ಸಣ್ಣವೇ, ಇನ್ನೇನು ಹೇಳೀತು ಪಾಪ! ಎರಡನೆಯ ಪ್ರಶ್ನೆಗೂ ಪಿನ್ನನ್ನೇ ಮುಂದಿಟ್ಟು ಬೇರೆಯಾಗಿ ಕೇಳಿದೆ, ಎರಡಕ್ಕೂ ಹೌದಾದರೆ ಮಾತ್ರ ಪಾಸು ಎಂದೆ. ಮೂವತ್ತೂ ನಪಾಸು, ಮೂರೂ ನಪಾಸು. ಕುಣಿಯುವಷ್ಟು ಖುಷಿಯಾಯಿತು.

ಪುಟ್ಟೇನಹಳ್ಳಿಯ ಮನೆಗೆ ಬಸ್ಸಿನಲ್ಲಿ ಬರುವಾಗ ಇನ್ನೊಂದು ಹೂಂ ತಲೆ ಕೊರೆಯತೊಡಗಿತು. ನನ್ನ ಮದುವೆಗೆ ಮೊಟ್ಟಮೊದಲು ಹೂಂ ಅಂದವರು ಯಾರು?

ಅಪ್ಪನನ್ನು ಕೇಳಿದೆ. ಅವ್ವ ಒಪ್ಪಿದಳು, ಅದಕ್ಕೆ ತಾನೂ ಒಪ್ಪಿದೆ ಅಂದರು. ಅವ್ವನನ್ನು ಕೇಳಿದರೆ, ಗಂಡು ನೋಡಿಬಂದ ಸೋದರತ್ತೆ ಒಪ್ಪಿದ್ದರಿಂದ ಒಪ್ಪಿದಳಂತೆ. ಅತ್ತೆ ಮಾರಕ್ಕ ರಾಗಿ ಕೇರುತ್ತಿದ್ದರು, ಮೊರ ನಿಲ್ಲಿಸಲಿಲ್ಲ.

"ಕೃಷ್ಣಮ್ಮ, ಗಂಡು ನಿನ್ಗಿಂತ ಎತ್ರ ಅವ್ನಾ ಅಂತ ನಿಮ್ಮವ್ವ ಕೇಳಿದ್ಲು. ಅವ್ನೆ. ಹೂಂ ಅಂದೆ."

ಎತ್ತರಕ್ಕೆ ಅಂದ ಹೂಂ ಮನೆಯೆಲ್ಲ ಸುತ್ತಿ ಮದುವೆಗೆ ಅಂದಂತಾಗಿತ್ತು. ಕೋಪ ನೆತ್ತಿಗೇರಿತು. ಅಪ್ಪನ ಎದುರು ಹೋಗಿ ನಿಂತು, ನನ್ನನ್ನೇ ಕೇಳು ಅಂದೆ. ಅಪ್ಪ ನನ್ನತ್ತ ತಿರುಗಿದರು.

"ನಿಂಗ್ ಒಪ್ಗೆನೇನವ್ವ?"

"ಇಲ್ಲಪ್ಪ. ಕೆಲ್ಸ ಬಿಡಾಕಿಲ್ಲ."

ಅವ್ವ ಬಾಯಿಗೆ ಬಂದಂತೆ ಬೈದಳು. ಅಪ್ಪ ಹೆಗಲಿಗೆ ಟವೆಲ್ ಹಾಕಿ ಸೈಕಲ್ ಹೊರಗೆ ತೆಗೆದರು. ವೀಳ್ಯ ಬೇಡವೆಂದು ಹೇಳಿಬರಲು ತಣಿಸಂದ್ರದ ದಾರಿ ಹಿಡಿದರು. ನಾನು ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ಮದುವೆಯ ಮಾತು ಶುರುವಾದಾಗಿನಿಂದ ನನ್ನನ್ನು ಒಬ್ಬರು ಕೇಳಿದ್ದು ಅದೇ ಮೊದಲು.